ಪೋರ್ಟೊ ರಿಕೊದಲ್ಲಿ ಬ್ಯಾಂಕ್ ಯಾಕೆ ಮುಚ್ಚಲಿಲ್ಲ?

ಓದುಗರ ಪತ್ರ: ಯೂರೋ ದೇಶಗಳಿಗೂ ಅಮೆರಿಕದ ರಾಜ್ಯಗಳಿಗೂ ಏನು ವ್ಯತ್ಯಾಸ? ಎರಡೂ ಕಡೆ ಎಲ್ಲರಿಗೂ ಒಂದೇ ಕರೆನ್ಸಿ. ಅಮೆರಿಕದಲ್ಲಿ ರಾಜ್ಯ ಸಾಲದಲ್ಲಿ ಮುಳುಗಿದರೆ ವಾಷಿಂಗ್ಟನ್ ತೀರಿಸುತ್ತದೆ, ಗ್ರೀಸಿಗೆ ತೀರಿಸುವವರಿರಲಿಲ್ಲ. ಅಷ್ಟೇ ಅಲ್ವಾ? ಇನ್ನೊಂದು: ಗ್ರೀಸಿನ ಬಗ್ಗೆ ಜರ್ಮನ್ನರ ಗೊಣಗಾಟ, ತೆರಿಗೆ ಪಾಲಿನ ಬಗ್ಗೆ ನಮ್ಮ ಗೊಣಗಾಟ ಎರಡೂ ಒಂದೇ ತಾನೇ?
– ನಿವೃತ್ತ ಬ್ಯಾಂಕ್ ಉದ್ಯೋಗಿ, ಧಾರವಾಡ

ಸಂಪಾದಕರ ಉತ್ತರ: ಅಷ್ಟೇ ಅಲ್ಲ ಸರ್. ವಾಷಿಂಗ್ಟನ್ ರಾಜ್ಯಗಳ ಸಾಲ ತೀರಿಸುತ್ತದೆ ಎಂದು ಸುಮಾರು ಜನ ನಂಬಿದ್ದಾರೆ. 1790ರಲ್ಲಿ ಅಮೆರಿಕದ ಮೊದಲ ಹಣಕಾಸು ಸಚಿವ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಮುಂದೆ ನಿಂತು, ರಾಜ್ಯಗಳ ಸ್ವಾತಂತ್ರ್ಯ ಯುದ್ಧದ ಸಾಲವನ್ನು ಕೇಂದ್ರದ ತಲೆ ಮೇಲೆ ಹಾಕಿಸಿದ್ದು ನಿಜ. ಆದರೆ 1840ರ ದಶಕದ ಆರಂಭದಲ್ಲಿ ಎಂಟು ರಾಜ್ಯಗಳು ಸಾಲ ಕಟ್ಟಲಾಗದೆ ಕೈ ಚೆಲ್ಲಿದಾಗ, ಕೇಂದ್ರ ಬಿಡಿಗಾಸೂ ಕೊಡಲಿಲ್ಲ. ಮನಸ್ಸಿಗೆ ಬಂದಷ್ಟು ಸಾಲ ಮಾಡಬಾರದು ಎಂದು ಎಷ್ಟೋ ರಾಜ್ಯಗಳು ತಮ್ಮ ಸಂವಿಧಾನದಲ್ಲೇ ಬರೆದುಕೊಂಡದ್ದು ಆ ಪೆಟ್ಟು ತಿಂದ ಮೇಲೆ.

ವ್ಯತ್ಯಾಸ ಇರುವುದು ಬೇರೆ ಕಡೆ. 2015ರ ಜೂನ್ 28, ಭಾನುವಾರ. ಗ್ರೀಸಿನ ಬ್ಯಾಂಕುಗಳಿಗೆ ಕೊಡುತ್ತಿದ್ದ ತುರ್ತು ನಗದಿನ ಮಿತಿಯನ್ನು ಇನ್ನು ಏರಿಸುವುದಿಲ್ಲ ಎಂದು ಫ್ರಾಂಕ್‌ಫರ್ಟಿನ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಹೇಳಿತು. ಅಂದೇ ಪ್ರಧಾನಿ ಅಲೆಕ್ಸಿಸ್ ಸಿಪ್ರಾಸ್ ಬ್ಯಾಂಕುಗಳಿಗೆ ರಜೆ ಘೋಷಿಸಿದರು. ಎಟಿಎಂನಲ್ಲಿ ದಿನಕ್ಕೆ 60 ಯೂರೋ. 20ರ ನೋಟು ಖಾಲಿಯಾದ ಕಡೆ ಬಂದದ್ದು 50 ಮಾತ್ರ. ಕಾರ್ಡ್ ಇಲ್ಲದ ಪಿಂಚಣಿದಾರರಿಗೆಂದು ಸುಮಾರು 1000 ಶಾಖೆ ತೆರೆದರು. ಹೆಸರಿನ ಅಕ್ಷರದ ಪ್ರಕಾರ ಸರದಿ, ತಲೆಗೆ 120 ಯೂರೋ. ನೀವು ಕೌಂಟರಿನಲ್ಲಿ ಕೂತವರು, ಆ ಕ್ಯೂ ಹೇಗಿತ್ತೆಂದು ನಾನು ವಿವರಿಸಬೇಕಾಗಿಲ್ಲ.

ಸರಿಯಾಗಿ ಅದೇ ಹೊತ್ತಿಗೆ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದ ಗವರ್ನರ್, ನಮ್ಮ ಸಾಲ ತೀರಿಸಲು ಆಗುವಂಥದ್ದಲ್ಲ ಎಂದು ಕೈ ಎತ್ತಿದರು. ಸಾಲ 7000 ಕೋಟಿ ಡಾಲರಿಗೂ ಜಾಸ್ತಿ. ಅದು ಅಮೆರಿಕದ ರಾಜ್ಯವಲ್ಲ, ಅಧೀನ ಪ್ರದೇಶ. ಆದರೂ ನಮ್ಮ ಹೋಲಿಕೆಗೆ ಅಡ್ಡಿಯಿಲ್ಲ. ಅಲ್ಲಿ ಬ್ಯಾಂಕ್ ಮುಚ್ಚಲಿಲ್ಲ. ದ್ವೀಪ ಡಾಲರ್ ಬಿಟ್ಟುಬಿಡುತ್ತದೆ ಎಂಬ ಗುಲ್ಲೂ ಏಳಲಿಲ್ಲ. ಹಾಗಂತ ವಾಷಿಂಗ್ಟನ್ ಸಾಲ ತೀರಿಸಿತೇ? ಇಲ್ಲ. ಬಾಂಡ್ ಕೊಂಡವರು ನಷ್ಟ ಅನುಭವಿಸಿದರು. ಆದರೆ ವಯಸ್ಸಾದವರ ಪಿಂಚಣಿ, ಅಂದರೆ ಸೋಷಿಯಲ್ ಸೆಕ್ಯುರಿಟಿ ಹಣ, ನೇರ ಕೇಂದ್ರದಿಂದ ಬರುತ್ತಿತ್ತು. ಬ್ಯಾಂಕ್ ಠೇವಣಿಗೆ 2,50,000 ಡಾಲರ್‌ವರೆಗೆ ಎಫ್‌ಡಿಐಸಿ ಎಂಬ ಸಂಸ್ಥೆಯ ವಿಮೆ, ಅದೂ ಕೇಂದ್ರದ್ದೇ. ಗ್ರೀಸಿನಲ್ಲಿ ಪಿಂಚಣಿ ಕೊಡಬೇಕಾದವರೂ ಅಥೆನ್ಸಿನವರೇ, ಬ್ಯಾಂಕ್ ಉಳಿಸಬೇಕಾದವರೂ ಅವರೇ. ಖಜಾನೆ ಬರಿದಾದರೆ ಎರಡಕ್ಕೂ ಕುತ್ತು.

ನಿಮ್ಮಂಥ ಬ್ಯಾಂಕಿನವರಿಗೆ ಇಷ್ಟವಾಗುವ ವಿಷಯವೊಂದಿದೆ. ಪೋರ್ಟೊ ರಿಕೊದ ಸಹಕಾರಿ ಪತ್ತಿನ ಸಂಘಗಳ ಠೇವಣಿಗೆ ಎಫ್‌ಡಿಐಸಿ ಇಲ್ಲ, ದ್ವೀಪ ಸರ್ಕಾರದ್ದೇ ಸಂಸ್ಥೆಯ ವಿಮೆ. ಸಾಲದ್ದಕ್ಕೆ ಅವು ಅದೇ ಸರ್ಕಾರದ ಬಾಂಡುಗಳನ್ನೂ ಕೊಂಡಿಟ್ಟಿದ್ದವು. ಇಕ್ಕಟ್ಟಿಗೆ ಸಿಕ್ಕಿದ್ದೂ ಅವೇ. ಒಂದು ದ್ವೀಪದೊಳಗೇ ಅಮೆರಿಕದ ಪದ್ಧತಿ, ಗ್ರೀಸಿನ ಪದ್ಧತಿ ಎರಡೂ ಇದ್ದವು ಅನ್ನಿ.

ಆ ಜುಲೈನಲ್ಲಿ ಜರ್ಮನಿಯ ಹಣಕಾಸು ಸಚಿವ ವೋಲ್ಫ್‌ಗಾಂಗ್ ಶಾಯ್ಬ್ಲ ಒಂದು ಸಭೆಯಲ್ಲಿ, 'ನೀವು ಗ್ರೀಸನ್ನು ಡಾಲರಿಗೆ ಸೇರಿಸಿಕೊಂಡರೆ ನಾವು ಪೋರ್ಟೊ ರಿಕೊವನ್ನು ಯೂರೋಗೆ ತಗೊಳ್ತೀವಿ' ಎಂದು ಅಮೆರಿಕದ ಹಣಕಾಸು ಸಚಿವ ಜ್ಯಾಕ್ ಲ್ಯೂ ಅವರಿಗೆ ಹೇಳಿದ್ದಾಗಿ ನಗಿಸಿದರು. ಹಾಗಾಗಿದ್ದರೆ ಗ್ರೀಸಿನ ಅಜ್ಜಿಗೆ ಲಾಭ, ಪೋರ್ಟೊ ರಿಕೊದ ಅಜ್ಜಿ ಕ್ಯೂನಲ್ಲಿ!

ಒಕ್ಕೂಟದೊಳಗೆ ಇರುವುದೇನೂ ಪುಕ್ಕಟೆಯಲ್ಲ. 2016ರಲ್ಲಿ ಅಮೆರಿಕದ ಸಂಸತ್ತು ಒಂದು ಮಂಡಳಿ ನೇಮಿಸುವ ಕಾನೂನು ಮಾಡಿತು. ದ್ವೀಪದ ಚುನಾಯಿತ ಸರ್ಕಾರದ ಬಜೆಟ್ಟಿನ ಮೇಲೆ ಅದರದ್ದೇ ಕೊನೆಯ ಮಾತು. ಜನ ಫ್ಲಾರಿಡಾ ಕಡೆ ಗುಳೆ ಹೋದರು. 2010ರಲ್ಲಿ 37 ಲಕ್ಷವಿದ್ದ ಜನಸಂಖ್ಯೆ 2020ಕ್ಕೆ 33 ಲಕ್ಷದೊಳಗೆ ಇಳಿಯಿತು. 2017ರ ಮಾರಿಯಾ ಚಂಡಮಾರುತದ ಪಾಲೂ ಅದರಲ್ಲಿದೆ.

ಯುರೋಪ್ ಸುಮ್ನೆ ಕೂತಿಲ್ಲ. 2014ರಿಂದ ದೊಡ್ಡ ಬ್ಯಾಂಕುಗಳ ಮೇಲುಸ್ತುವಾರಿ ಫ್ರಾಂಕ್‌ಫರ್ಟಿನ ಆ ಸೆಂಟ್ರಲ್ ಬ್ಯಾಂಕಿನದ್ದು. ಕೋವಿಡ್ ಬಂದಾಗ ಒಟ್ಟಾಗಿ 75,000 ಕೋಟಿ ಯೂರೋ ಸಾಲ ಎತ್ತಲು ಒಪ್ಪಿದರು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಅನುದಾನ. ಆದರೆ ಯುರೋಪಿಯನ್ ಒಕ್ಕೂಟದ ಮಾಮೂಲಿ ಬಜೆಟ್ ಇಂದಿಗೂ ಸದಸ್ಯ ದೇಶಗಳ ಒಟ್ಟು ಆದಾಯದ ಶೇ 1ರ ಆಸುಪಾಸು. ಅಮೆರಿಕದ ಕೇಂದ್ರದ ಖರ್ಚು ಶೇ 20 ದಾಟುತ್ತದೆ. ಎಲ್ಲ ದೇಶಗಳಿಗೂ ಸೇರಿದ ಠೇವಣಿ ವಿಮೆ ತರೋಣ ಎಂಬ ಪ್ರಸ್ತಾಪ 2015ರ ನವೆಂಬರಿನಲ್ಲಿ ಬಂತು. ಬೇರೆಯವರ ಬ್ಯಾಂಕಿನ ತಪ್ಪಿಗೆ ನಾವೇಕೆ ತೆರಬೇಕು ಎಂದು ಜರ್ಮನಿ ಹಿಡಿದ ಪಟ್ಟಿನಿಂದ ಅದು ಇನ್ನೂ ನನೆಗುದಿಗೆ ಬಿದ್ದಿದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಜರ್ಮನಿ ಮತ್ತು ಉಳಿದವರು ಗ್ರೀಸಿಗೆ ಕೊಟ್ಟದ್ದು ಸಾಲ, ಬಡ್ಡಿ ಮತ್ತು ಷರತ್ತುಗಳ ಜೊತೆ. ಕರ್ನಾಟಕದಿಂದ ಹೋಗುವ ತೆರಿಗೆ ಬಿಹಾರಕ್ಕೆ ಕೊಟ್ಟ ಸಾಲವಲ್ಲ, ವಾಪಸ್ ಬರುವುದೂ ಇಲ್ಲ. ಅದು ಸಂವಿಧಾನದ ಪ್ರಕಾರ ಹಣಕಾಸು ಆಯೋಗ ಹಂಚುವ ಪಾಲು. ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ 14ನೇ ಆಯೋಗ ನಮಗೆ ಶೇ 4.713 ಕೊಟ್ಟಿತ್ತು, 15ನೇ ಆಯೋಗ ಶೇ 3.647ಕ್ಕೆ ಇಳಿಸಿತು. ಆ ಗೊಣಗಾಟ ನ್ಯಾಯವಾದದ್ದೇ ಎಂದು ನನ್ನ ಅಭಿಪ್ರಾಯ. ಆದರೆ ವಿಧಾನಸೌಧದ ಖಜಾನೆಯಲ್ಲಿ ಹಣ ಕಡಿಮೆಯಾಯಿತೆಂದು ಧಾರವಾಡದ ನಿಮ್ಮ ಠೇವಣಿಗೆ, ನಿಮ್ಮ ಪಿಂಚಣಿಗೆ ಏನೂ ಆಗುವುದಿಲ್ಲ.