ಹಳೆಯ ಗ್ರ್ಯಾಂಡ್ ಪಿಯಾನೊದ ಬೇಡದ ಸ್ವರ: ತಂತಿ ಬದಲಿಸುವ ಮೊದಲು

ನಡುಭಾಗಕ್ಕಿಂತ ಮೇಲಿನ ಕೆಲವು ಕೀಲಿಗಳನ್ನು ಒತ್ತಿದಾಗ ಮೂಲ ಸ್ವರದ ಜೊತೆಗೆ ಸಿಳ್ಳೆಯಂಥ ಇನ್ನೊಂದು ಸ್ವರ ಕೇಳುತ್ತದೆ, ಶ್ರುತಿ ಮಾಡಿಸಿದರೂ ಹೋಗಲಿಲ್ಲ, ತಂತಿಗಳನ್ನೆಲ್ಲ ಬದಲಿಸಬೇಕೆ ಎಂದು ತಾವು ಕೇಳಿದ್ದೀರಿ. ದಯವಿಟ್ಟು ಈಗಲೇ ಬದಲಿಸಬೇಡಿ. ಹಳೆಯ ಪಿಯಾನೊಗಳನ್ನು ಶ್ರುತಿಗೊಳಿಸುವ ಕೆಲಸದಲ್ಲಿ ನಾನು ಕಂಡಂತೆ, ಇಂಥ ಸ್ವರ ಹೆಚ್ಚಾಗಿ ಬರುವುದು ತಂತಿಯಲ್ಲಿ ಹ್ಯಾಮರ್ (ಕೀಲಿ ಒತ್ತಿದಾಗ ತಂತಿಗೆ ಬಡಿಯುವ ಸುತ್ತಿಗೆ) ಬಡಿಯುವ ಭಾಗದಿಂದಲ್ಲ. ಅದೇ ತಂತಿಯ ಹೊರತುದಿಗಳಿಂದ ಅಥವಾ ಕೀಲಿ ಬಿಟ್ಟೊಡನೆ ತಂತಿಯ ಮೇಲೆ ಕೂತು ಅದನ್ನು ಸುಮ್ಮನಾಗಿಸುವ ಡ್ಯಾಂಪರ್ ಸರಿಯಾಗಿ ಕೂರದಿರುವುದರಿಂದ. ಇವೆರಡನ್ನೂ ಬೆರಳಿನಿಂದಲೇ ಪರೀಕ್ಷಿಸಬಹುದು.

ಕೀಲಿಯನ್ನು ಚುರುಕಾಗಿ ಬಡಿದು ಕೂಡಲೇ ಬಿಡಿ. ಮೂಲ ಸ್ವರ ನಿಂತ ಮೇಲೂ ಏನಾದರೂ ಉಳಿದರೆ, ಅಕ್ಕಪಕ್ಕದ ಡ್ಯಾಂಪರುಗಳನ್ನು ಒಂದೊಂದಾಗಿ ಮೇಲಿನಿಂದ ಮೆತ್ತಗೆ ಒತ್ತಿ ನೋಡಿ. ಯಾವುದನ್ನು ಒತ್ತಿದಾಗ ಸದ್ದು ಅಡಗುತ್ತದೋ ಅದರ ಫೆಲ್ಟ್ (ಒತ್ತಿ ಮಾಡಿದ ಮೆತ್ತನೆಯ ಉಣ್ಣೆಬಟ್ಟೆ) ಗಟ್ಟಿಯಾಗಿದೆ ಅಥವಾ ಅದು ತಂತಿಯ ಮೇಲೆ ಓರೆಯಾಗಿ ಕೂತಿದೆ. ತೀರ ಮೇಲಿನ ಸುಮಾರು ಒಂದೂವರೆ ಸಪ್ತಕದ ತಂತಿಗಳಿಗೆ ಡ್ಯಾಂಪರ್ ಇರುವುದೇ ಇಲ್ಲವಾದ್ದರಿಂದ ಅಲ್ಲಿಂದ ಬರುವ ಸಣ್ಣ ಅನುರಣನವನ್ನು ದೋಷವೆಂದು ಎಣಿಸಬೇಡಿ.

ಡ್ಯಾಂಪರುಗಳಲ್ಲಿ ಏನೂ ಸಿಗದಿದ್ದರೆ, ತಂತಿಯ ಕಂಪನವನ್ನು ಕೆಳಗಿನ ಹಲಗೆಗೆ ದಾಟಿಸುವ ಮರದ ಪಟ್ಟಿಯಾದ ಬ್ರಿಜ್‌ನ ಆಚೆಗೆ ನೋಡಬೇಕು. ತಂತಿ ಬ್ರಿಜ್ ದಾಟಿ ಕಬ್ಬಿಣದ ಚೌಕಟ್ಟಿನ ಪಿನ್ನಿನವರೆಗೆ ಹೋಗುತ್ತದೆ. ಆ ತುಂಡಿಗೂ ತನ್ನದೇ ಸ್ವರವಿದೆ. 1872ರಲ್ಲಿ ಸ್ಟೈನ್‌ವೇ ಪೇಟೆಂಟ್ ಪಡೆದ ಡ್ಯೂಪ್ಲೆಕ್ಸ್ ವಿನ್ಯಾಸದಲ್ಲಿ ಈ ತುಂಡು ಮೂಲ ಸ್ವರಕ್ಕೆ ಹೊಂದಿ ದನಿಗೂಡಲೆಂದೇ ಅದರ ಉದ್ದವನ್ನು ಲೆಕ್ಕಹಾಕಿ ಇಡಲಾಯಿತು. ಬೇರೆ ಅನೇಕ ಪಿಯಾನೊಗಳಲ್ಲಿ ಅದು ಸುಮ್ಮನಿರಲೆಂದು ತಂತಿಗಳ ನಡುವೆ ಬಟ್ಟೆಯ ಪಟ್ಟಿ ಹೆಣೆದಿರುತ್ತಾರೆ, ಆ ಪಟ್ಟಿ ವರ್ಷಗಳು ಕಳೆದಂತೆ ನುಸಿ ತಿಂದು ಉದುರಿಹೋಗುತ್ತದೆ. ಕೀಲಿಯನ್ನು ಒಂದು ಕೈಯಿಂದ ಬಡಿಯುತ್ತ ಇನ್ನೊಂದು ಕೈಯ ಬೆರಳನ್ನು ಈ ಹಿಂಭಾಗದ ಮೇಲೆ ಇಡಿ. ಸಿಳ್ಳೆ ಮಾಯವಾದರೆ ಅಲ್ಲಿ ತೆಳುವಾದ ಫೆಲ್ಟ್ ಪಟ್ಟಿ ಹೆಣೆಯುವುದಷ್ಟೇ ಸಾಕು, ಬೇಡವೆನಿಸಿದ ದಿನ ಅದನ್ನು ತೆಗೆಯಲೂಬಹುದು. ಮುಂಭಾಗದಲ್ಲಿ, ತಂತಿಗಳನ್ನು ಮೇಲಿನಿಂದ ಒತ್ತಿ ಹಿಡಿಯುವ ಲೋಹದ ಪಟ್ಟಿಯಾದ ಕ್ಯಾಪೊ ಬಾರ್‌ನ ಈಚೆಗಿರುವ ತುಂಡನ್ನೂ ಹೀಗೆಯೇ ಮುಟ್ಟಿ ನೋಡಿ. ಆ ಬಾರ್‌ನ ಅಂಚು ತಂತಿಯ ಒತ್ತಡಕ್ಕೆ ಸವೆದು ಗೆರೆಬಿದ್ದಿದ್ದರೆ ತಂಬೂರಿಯ ಜೀವಾಳದಂಥ ಝೇಂಕಾರ ಕೇಳುತ್ತದೆ. ಅದನ್ನು ಫೆಲ್ಟ್ ಅಡಗಿಸದು, ಅಂಚನ್ನೇ ಉಜ್ಜಿ ಸರಿಪಡಿಸಬೇಕು.

ಇನ್ನೊಂದು ಸಾಧ್ಯತೆಯೂ ಇದೆ. ತಮಗೆ ಬೇರೆ ಸ್ವರವೆಂದು ತೋರುವುದು ಒಂದೇ ಸ್ವರದ ಅಲೆಯಾಟವೂ ಆಗಿರಬಹುದು. ಈ ಭಾಗದಲ್ಲಿ ಪ್ರತಿ ಕೀಲಿಗೆ ಮೂರು ತಂತಿಗಳಿರುತ್ತವೆ. ಎರಡನ್ನು ರಬ್ಬರ್ ಬೆಣೆಯಿಂದ ಮುಚ್ಚಿ ಒಂದನ್ನೇ ಕೇಳಿ. ಒಂಟಿ ತಂತಿಯೂ ಏರಿಳಿಯುತ್ತಿದ್ದರೆ ಅದು ಫಾಲ್ಸ್ ಬೀಟ್, ಶ್ರುತಿ ಮಾಡಿದಷ್ಟಕ್ಕೆ ಅದು ಹೋಗುವುದಿಲ್ಲ. ತಂತಿ ನುಡಿಯುತ್ತಿರುವಾಗಲೇ ಬ್ರಿಜ್‌ನ ಪಿನ್ನನ್ನು ಸ್ಕ್ರೂಡ್ರೈವರಿನ ತುದಿಯಿಂದ ಪಕ್ಕಕ್ಕೆ ಒತ್ತಿ ಹಿಡಿದರೆ ಏರಿಳಿತ ನಿಲ್ಲುತ್ತದೆಯೇ ನೋಡಿ. ನಿಂತರೆ ಪಿನ್ನು ಮರದಲ್ಲಿ ಸಡಿಲವಾಗಿದೆ ಎಂದರ್ಥ, ನಿಲ್ಲದಿದ್ದರೆ ತುಕ್ಕು ಹಿಡಿದ ಅಥವಾ ತಿರುಚಿದ ತಂತಿಯ ಮೇಲೆ ಅನುಮಾನ ಪಡಬೇಕು. ನಾಲ್ಕಾರು ಪಿನ್ನುಗಳಷ್ಟೇ ಸಡಿಲವಾಗಿದ್ದರೆ ತೆಳುವಾದ ಸಯನೊಅಕ್ರಿಲೇಟ್ ಅಂಟನ್ನು ಪಿನ್ನಿನ ಬುಡಕ್ಕೆ ಇಳಿಸಿ ಗಟ್ಟಿಮಾಡುವುದುಂಟು. ಆ ಕೆಲಸವನ್ನು ದಯವಿಟ್ಟು ಅನುಭವಿಗಳಿಗೇ ಬಿಡಿ.

ಪಿನ್ನುಗಳ ಸಾಲಿನುದ್ದಕ್ಕೂ ಬ್ರಿಜ್‌ನ ಮರ ಸೀಳಿದ್ದರೆ ಮಾತ್ರ ಮಾತು ಬೇರೆ. ಅದನ್ನು ದುರಸ್ತಿ ಮಾಡಲು ಆ ಭಾಗದ ತಂತಿಗಳನ್ನು ಬಿಚ್ಚಲೇಬೇಕಾಗುತ್ತದೆ, ಬಿಚ್ಚಿದ ಹಳೆಯ ತಂತಿಗಳನ್ನು ಮರಳಿ ಬಿಗಿದರೆ ತುಂಡಾಗುವ ಸಂಭವ ಹೆಚ್ಚಿರುವುದರಿಂದ ಆಗ ಹೊಸ ತಂತಿಯ ಖರ್ಚು ನ್ಯಾಯವೇ.