ಯಾವ ಜಾಕ್ ಅಂತ ಆಮೇಲೆ ನೋಡೋಣ, ಹ್ಯಾಂಡ್‌ಬ್ರೇಕ್ ಯಾವ ಚಕ್ರಕ್ಕೆ ಹಿಡಿಯುತ್ತೆ?

ಮಿಯಾಟಾಗೆ (ಮಜ್ದಾದ ಎರಡು ಸೀಟಿನ ತಗ್ಗು ಕಾರು) ಆಯಿಲ್ ಬದಲಾಯಿಸಬೇಕು, ಮಾಮೂಲಿ ಜಾಕ್ ಅಡಿಗೆ ಹೋಗ್ತಿಲ್ಲ, ಯಾವ ತಗ್ಗಿನ ಜಾಕ್ ತಗೊಳ್ಳಲಿ, ಇಳಿಜಾರಿನ ಡ್ರೈವ್‌ವೇನಲ್ಲೇ ಎತ್ತಬಹುದಾ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನ್ಯೂಜೆರ್ಸಿಯಲ್ಲಿ ನಾನೂ ಇದನ್ನೇ ಹುಡುಕುತ್ತಾ ಕೂತಿದ್ದೆ. ನನ್ನದು 2001ರ ಮಿಯಾಟಾ. ಹಿಂದಿನ ಓನರ್ ಸ್ಪ್ರಿಂಗ್ ಬದಲಾಯಿಸಿ ಇನ್ನೂ ತಗ್ಗಿಸಿದ್ದರು, ಪಕ್ಕದ ಅಂಚಿನ ಅಡಿ ಅರ್ಧ ಗೇಣು ಜಾಗ ಇತ್ತು ಅಷ್ಟೆ. ವಾರಗಟ್ಟಲೆ ಓದಿ, ಮೂರೂವರೆ ಇಂಚಿಗೆ ಇಳಿಯುವ ಟ್ರಾಲಿ ಜಾಕ್ ತಂದೆ. ಸಲೀಸಾಗಿ ಒಳಗೆ ಹೋಯಿತು. ಆದರೂ ಕಾರು ಬಿತ್ತು.

ಅವತ್ತು ಹಿಂದಿನ ಬ್ರೇಕ್ ಪ್ಯಾಡ್ ಹಾಕಬೇಕಿತ್ತು. ಕಾರಿನ ಮೂತಿ ಗ್ಯಾರೇಜ್ ಕಡೆ, ಬಾಲ ರಸ್ತೆ ಕಡೆ. ಮಳೆನೀರು ಹರಿದುಹೋಗಲಿ ಅಂತ ಡ್ರೈವ್‌ವೇಗೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರಲ್ಲ, ಅಷ್ಟೇ ಇಳಿಜಾರು, ನಿಂತು ನೋಡಿದರೆ ಗೊತ್ತೂ ಆಗಲ್ಲ. ಹ್ಯಾಂಡ್‌ಬ್ರೇಕ್ ಎಳೆದೆ, ಫಸ್ಟ್ ಗೇರ್‌ಗೆ ಹಾಕಿದೆ, ಹಿಂದಿನ ಎರಡು ಚಕ್ರದ ಮಧ್ಯೆ ಇರುವ ಗೇರ್ ಪೆಟ್ಟಿಗೆ, ಅಂದರೆ ಡಿಫರೆನ್ಷಿಯಲ್ ಅಡಿಗೆ ಜಾಕ್ ಕೊಟ್ಟು ಎತ್ತತೊಡಗಿದೆ.

ಇಲ್ಲೇ ತಪ್ಪಿದ್ದು, ದಯವಿಟ್ಟು ನಿಧಾನವಾಗಿ ಓದಿ. ಮಿಯಾಟಾದ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಎರಡು ಚಕ್ರವನ್ನು ಮಾತ್ರ. ಎಂಜಿನ್ ಓಡಿಸುವುದೂ ಹಿಂದಿನ ಚಕ್ರವನ್ನೇ, ಹಾಗಾಗಿ ಗೇರ್‌ನಲ್ಲಿಟ್ಟರೂ ಹಿಡಿತ ಇರುವುದು ಅಲ್ಲೇ. ಮುಂದಿನ ಎರಡು ಚಕ್ರವನ್ನು ಯಾರೂ ಹಿಡಿದಿರಲ್ಲ. ಹಿಂದಿನ ಚಕ್ರ ನೆಲ ಬಿಟ್ಟ ಕ್ಷಣಕ್ಕೆ ಹ್ಯಾಂಡ್‌ಬ್ರೇಕೂ ಇಲ್ಲ, ಗೇರೂ ಇಲ್ಲ. ಅದರ ಮೇಲೆ ಟ್ರಾಲಿ ಜಾಕಿಗೂ ಚಕ್ರ ಇದೆ. ಇರಲೇಬೇಕು, ಯಾಕಂದ್ರೆ ಅದರ ತೋಳು ನೇರವಾಗಿ ಮೇಲೇರಲ್ಲ, ಕಮಾನಿನ ಹಾಗೆ ಬಾಗುತ್ತಾ ಏರುತ್ತೆ, ಜೊತೆಗೆ ಜಾಕ್ ಕೂಡ ಸರಿಯಬೇಕು. ಅಂದರೆ ಒಂದು ಟನ್ನಿಗಿಂತ ಜಾಸ್ತಿ ತೂಕದ ಕಾರನ್ನು ನಾನೇ ತಳ್ಳುಗಾಡಿ ಮಾಡಿ ಇಳಿಜಾರಿನಲ್ಲಿ ನಿಲ್ಲಿಸಿದ್ದೆ. ಅವತ್ತು ಇದು ಹೊಳೆಯಲೇ ಇಲ್ಲ, ಬ್ರೇಕ್ ಹಾಕಿದ್ದೀನಲ್ಲ ಅನ್ನೋ ಧೈರ್ಯ.

ಎತ್ತಿದ ಕಾರಿಗೆ ಆಸರೆ ಕೊಡುವ ಸ್ಟ್ಯಾಂಡನ್ನು ಎಡಗೈಯಲ್ಲಿ ಹಿಡಿದು ಮಂಡಿಯೂರಿ ಒಳಗೆ ತಳ್ಳುತ್ತಿದ್ದೆ. ಕಾರು ಸದ್ದಿಲ್ಲದೆ ಹಿಂದಕ್ಕೆ ಸರಿಯಿತು, ಜಾಕನ್ನೂ ಕರೆದುಕೊಂಡು. ಜಾಕಿನ ಪುಟ್ಟ ಚಕ್ರ ಕಾಂಕ್ರೀಟಿನ ಗೆರೆಗೆ ಸಿಕ್ಕಿ ಗಕ್ಕನೆ ನಿಂತಿತು, ಕಾರು ನಿಲ್ಲಲಿಲ್ಲ. ಡಿಫರೆನ್ಷಿಯಲ್ ಜಾಕಿನ ತಲೆಯಿಂದ ಜಾರಿ ದಡಾರ್ ಅಂತ ಕೆಳಗೆ. ಚಕ್ರ ನೆಲ ಮುಟ್ಟಿದ ತಕ್ಷಣ ಹ್ಯಾಂಡ್‌ಬ್ರೇಕ್ ಹಿಡಿದು ಕಾರು ಅಲ್ಲೇ ನಿಂತಿತು, ಅದಕ್ಕೇ ರಸ್ತೆಗೆ ಹೋಗಲಿಲ್ಲ. ಸೈಲೆನ್ಸರ್ ಪೈಪ್ ಚಪ್ಪಟೆ, ಸ್ಟ್ಯಾಂಡಿನ ಒಂದು ಕಾಲು ಸೊಟ್ಟ. ನನ್ನ ಕೈಗೂ ಬಿದ್ದ ಕಾರಿಗೂ ಮಧ್ಯೆ ಒಂದು ಗೇಣು ಇರಲಿಲ್ಲ.

ನಾನು ಸಕಲೇಶಪುರದವನು. ಶಿರಾಡಿ ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ ಕ್ಲೀನರ್ ಹುಡುಗ ಇಳಿದು ಮೊದಲು ಟೈರಿಗೆ ಕಲ್ಲು ಕೊಡ್ತಾನೆ, ಮಿಕ್ಕಿದ್ದೆಲ್ಲ ಆಮೇಲೆ. ಚಿಕ್ಕಂದಿನಿಂದ ನೋಡಿದ್ದೆ. ನನ್ನ ಕಾರಿಗೆ ಮಾತ್ರ ಕೊಡಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಜಾಕ್ ಒಳಗೆ ಹೋಗೋದು ಸಣ್ಣ ವಿಷಯ, ಇಪ್ಪತ್ತು ಡಾಲರಿನ ಹಲಗೆಯಲ್ಲಿ ಮುಗಿಯುತ್ತೆ. 2x10 ಮರದ ಹಲಗೆ ತನ್ನಿ. ಹೆಸರಿಗೆ ಎರಡು ಇಂಚು, ದಪ್ಪ ಇರೋದು ಒಂದೂವರೆ. ಉದ್ದದ್ದರ ಮೇಲೆ ಗಿಡ್ಡದ್ದು ಇಟ್ಟು ಸ್ಕ್ರೂ ಹೊಡೆದು, ಮುಂದಿನ ಚಕ್ರ ಹತ್ತಿಸಿ. ಮೂರು ಇಂಚು ಸಿಗುತ್ತೆ, ಮುಂದಿನ ಅಡ್ಡ ತೊಲೆಯ ಮಧ್ಯಕ್ಕೆ ಜಾಕ್ ಹೋಗುತ್ತೆ. ಆಯಿಲ್ ಬದಲಾಯಿಸೋಕೆ ಮುಂಭಾಗ ಎತ್ತಿದರೆ ಸಾಕು, ಮೊದಲ ಸಲವೇ ನಾಲ್ಕೂ ಚಕ್ರ ಎತ್ತಲು ಹೋಗಬೇಡಿ. ಇಳಿಜಾರಿನಲ್ಲಂತೂ ಬೇಡವೇ ಬೇಡ, ಚಿಕ್ಕ ಇಳಿಜಾರು ಅಂತ ನೀವು ಬರೆದಿದ್ದೀರಿ, ನಂದೂ ಚಿಕ್ಕದೇ ಇತ್ತು. ನೆಲದಲ್ಲೇ ಉಳಿಯುವ ಎರಡೂ ಚಕ್ರಕ್ಕೆ, ಹಿಂದೆ ಮುಂದೆ ಎರಡೂ ಕಡೆ, ಉರುಳದ ಹಾಗೆ ತಡೆಯುವ ರಬ್ಬರ್ ಕಟ್ಟೆ ಕೊಟ್ಟ ಮೇಲೇ ಜಾಕಿಗೆ ಕೈ ಹಾಕಿ.

ಸ್ಟ್ಯಾಂಡ್ ಇಲ್ಲದೆ ಬೆರಳನ್ನೂ ಒಳಗೆ ಹಾಕಬೇಡಿ. 2020ರಲ್ಲಿ ಅಮೆರಿಕದಲ್ಲಿ ಕೆಲವು ಮಾದರಿಯ ಸ್ಟ್ಯಾಂಡುಗಳನ್ನು, ಎತ್ತರ ಹಿಡಿದಿಡುವ ಹಲ್ಲು ಸರಿಯಾಗಿ ಕಚ್ಚಲ್ಲ ಅಂತ ವಾಪಸ್ ತಗೊಂಡಿದ್ದರು. ಅದಕ್ಕೇ ನಾನು ಪ್ರತಿ ಸಲ ಹಲ್ಲು ಕೂತಿದೆಯಾ ಅಂತ ಬಗ್ಗಿ ನೋಡ್ತೀನಿ, ಬಿಚ್ಚಿದ ಚಕ್ರವನ್ನು ಅಂಚಿನ ಅಡಿ ಮಲಗಿಸ್ತೀನಿ, ಜಾಕನ್ನು ಮುಟ್ಟಿಯೂ ಮುಟ್ಟದ ಹಾಗೆ ಅಲ್ಲೇ ಬಿಡ್ತೀನಿ. ಆಮೇಲೆ ಸೊಂಟ ಕೊಟ್ಟು ಕಾರನ್ನು ಜೋರಾಗಿ ತಳ್ಳಿ ನೋಡ್ತೀನಿ. ಬೀಳೋದಾದ್ರೆ ಆಗಲೇ ಬೀಳಲಿ.

ನ್ಯೂಜೆರ್ಸಿಯ ಎಡಿಸನ್ ಊರಿನ ಹತ್ತಿರ ಇದ್ದೀರಾ? ಇದ್ದರೆ ಶನಿವಾರ ಗಾಡಿ ತನ್ನಿ. ನಮ್ಮ ಈಗಿನ ಗ್ಯಾರೇಜ್ ನೆಲ ಸಮ ಇದೆ, ಹಲಗೆ, ಕಟ್ಟೆ, ಸ್ಟ್ಯಾಂಡ್ ಎಲ್ಲ ಇದೆ. ಆಯಿಲ್ ಫಿಲ್ಟರ್ ಮಾತ್ರ ನೀವು ತಗೊಂಡು ಬನ್ನಿ.