ಸ್ಟೀರಾಯ್ಡ್ ಮಾತ್ರೆ ನಿಲ್ಲಿಸಿಬಿಡಲೇ?

ಪ್ರಶ್ನೆ: ಅಪ್ಪನ ಶ್ವಾಸಕೋಶದ ಕ್ಯಾನ್ಸರ್ ಮಿದುಳಿಗೆ ಹರಡಿದೆ. ರೇಡಿಯೇಷನ್ ಮುಗಿದಿದೆ. ಡೆಕ್ಸಾಮೆಥಾಸೋನ್ 4 ಮಿ.ಗ್ರಾಂ. ಬೆಳಿಗ್ಗೆ ಮತ್ತು ರಾತ್ರಿ, ಐದು ವಾರಗಳಿಂದ ಕೊಡುತ್ತಿದ್ದೇವೆ. ತಲೆನೋವು ಹೋಗಿದೆ. ಆದರೆ ನಿದ್ದೆ ಬರುತ್ತಿಲ್ಲ, ಸಕ್ಕರೆ ಏರಿದೆ, ಕೆಳಗೆ ಕೂತರೆ ಏಳಲಾಗುತ್ತಿಲ್ಲ. ಮಾತ್ರೆ ನಿಲ್ಲಿಸಿಬಿಡಲೇ?

ಉತ್ತರ: ಏಕಾಏಕಿ ಬೇಡ. ಈ ಮಾತ್ರೆ ಗೆಡ್ಡೆಯನ್ನು ಕರಗಿಸುವುದಿಲ್ಲ, ಅದರ ಸುತ್ತಲಿನ ಊತ ಇಳಿಸುತ್ತದೆ. ತಲೆನೋವು ಹೋದದ್ದು ಅದರಿಂದಲೇ. ಮೂರು ವಾರ ದಾಟಿದ ಮೇಲೆ ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತಿರಬಹುದು. ಆಗ ಥಟ್ಟನೆ ಬಿಟ್ಟರೆ ವಾಂತಿ, ವಿಪರೀತ ಸುಸ್ತು, ಬಿ.ಪಿ. ಕುಸಿತ. ಹಾಗೆಂದು ಮುಂದುವರಿಸುತ್ತಲೇ ಇರಬೇಕೆಂದಲ್ಲ. ರೇಡಿಯೇಷನ್ ಮುಗಿದಿರುವುದರಿಂದ ಹಂತಹಂತವಾಗಿ ಇಳಿಸುವ ಲೆಕ್ಕವನ್ನು ವೈದ್ಯರಿಂದ ಈ ವಾರವೇ ಬರೆಸಿಕೊಳ್ಳಿ. ಇಳಿಸುವಾಗ ತಲೆನೋವು, ವಾಂತಿ ಮರುಕಳಿಸಿದರೆ ತಕ್ಷಣ ತಿಳಿಸಿ.

ನಿದ್ದೆ ಕೆಡಿಸುತ್ತಿರುವುದು ರಾತ್ರಿಯ ಮಾತ್ರೆ. ಅದನ್ನು ಮಧ್ಯಾಹ್ನದ ಊಟದ ಜೊತೆಗೆ ಕೊಡಬಹುದೇ ಎಂದು ಕೇಳಿ, ಸಾಮಾನ್ಯವಾಗಿ ಒಪ್ಪುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯ ಸಕ್ಕರೆ ನೋಡಿ ನಿರಾಳವಾಗಬೇಡಿ. ಸ್ಟೀರಾಯ್ಡ್‌ನಿಂದ ಅದು ಏರುವುದು ಹೆಚ್ಚಾಗಿ ಮಧ್ಯಾಹ್ನದ ನಂತರ. ಊಟವಾಗಿ ಎರಡು ಗಂಟೆಗೆ ಪರೀಕ್ಷಿಸಿ.

ಏಳಲಾಗದಿರುವುದು ತೊಡೆಯ ಸ್ನಾಯು ಸೊರಗಿದ್ದರಿಂದ ಇರಬಹುದು. ಮಾತ್ರೆ ಇಳಿದಂತೆ ನಿಧಾನವಾಗಿ ಸುಧಾರಿಸುತ್ತದೆ. ಆದರೆ ಜೊತೆಗೆ ಬೆನ್ನುನೋವು, ಕಾಲು ಜೋಮು, ಮೂತ್ರ ಕಟ್ಟುವುದು ಇದ್ದರೆ ಬೆನ್ನುಹುರಿ ಒತ್ತಿರುವ ಅನುಮಾನ. ಅದೇ ದಿನ ಆಸ್ಪತ್ರೆಗೆ ಹೋಗಿ.

ನಾಲಿಗೆಯ ಮೇಲೆ ಮೊಸರಿನಂಥ ಬಿಳಿ ಪದರ ಕಂಡರೆ ಅದು ಶಿಲೀಂಧ್ರದ ಸೋಂಕು, ಔಷಧಿಯಿದೆ. ಸ್ಟೀರಾಯ್ಡ್ ಜ್ವರವನ್ನೂ ಮರೆಮಾಚುವುದರಿಂದ ಮೈ ಬಿಸಿಯಿಲ್ಲದಿದ್ದರೂ ಹೊಸ ಕೆಮ್ಮು, ಏದುಸಿರನ್ನು ಕಡೆಗಣಿಸಬೇಡಿ. ಹಿಂದೆ ಕ್ಷಯ ಬಂದಿದ್ದರೆ ಹೇಳಿ, ಅದು ಮತ್ತೆ ತಲೆಯೆತ್ತಬಹುದು.

ಇನ್ನೊಂದು, ಅಂಗಡಿಯಲ್ಲಿ 0.5 ಮತ್ತು 4 ಮಿ.ಗ್ರಾಂ. ಎರಡೂ ಸಿಗುತ್ತವೆ. ‘ಅದೇ ಮಾತ್ರೆ’ ಎಂದು ಒಂದರ ಬದಲು ಇನ್ನೊಂದು ತಂದರೆ ಎಂಟು ಪಟ್ಟು ವ್ಯತ್ಯಾಸ. ಪ್ರತಿ ಸಲ ಮಾತ್ರೆಯ ಸ್ಟ್ರಿಪ್ ಮೇಲಿನ ಅಂಕಿ ಓದಿ.

ಪ್ರಶ್ನೆ: ಪೆಮೆಟ್ರೆಕ್ಸೆಡ್ ಕೀಮೋಗೆ ಮೂರು ದಿನ ಸ್ಟೀರಾಯ್ಡ್ ಮಾತ್ರೆ ಬರೆದಿದ್ದಾರೆ. ಏಕೆ?

ಉತ್ತರ: ಚರ್ಮದ ದದ್ದು ತಡೆಯಲು. ಡೆಕ್ಸಾಮೆಥಾಸೋನ್ 4 ಮಿ.ಗ್ರಾಂ. ದಿನಕ್ಕೆರಡು ಬಾರಿ, ಕೀಮೋದ ಹಿಂದಿನ ದಿನ, ಅದೇ ದಿನ, ಮರುದಿನ. ಹಿಂದಿನ ದಿನದ್ದು ಮರೆತಿದ್ದರೆ ಡ್ರಿಪ್ ಹಾಕುವ ಮೊದಲೇ ನರ್ಸ್‌ಗೆ ಹೇಳಿ. ಈ ಕೀಮೋ ಜೊತೆಗೆ ಕೊಡುವ ಫೋಲಿಕ್ ಆಮ್ಲ, ಬಿ12 ಇಂಜೆಕ್ಷನ್ ಬೇರೆಯೇ ಕಾರಣಕ್ಕೆ. ಸ್ಟೀರಾಯ್ಡ್ ನುಂಗಿದ್ದೇವೆಂದು ಅವನ್ನು ಬಿಡುವಂತಿಲ್ಲ.